ಹದಿಮೂರನೆಯದು

ಶಿಡ್ಲಘಟ್ಟದ ರೀಲರ್ ಮನೆಯ ಹುಡುಗಿ, ರುಹೀನಾ.
ಹಲ್ಲು ಬಿದ್ದ ಜಾಗದಿಂದ
ಮೂರನೇ ದಿನ ಮತ್ತೆ ರಕ್ತ.

ಹೆಪ್ಪುಗಟ್ಟುವುದಿಲ್ಲ ಎಂದಲ್ಲ.
ಗಡಿಯಾರ ಹಿಡಿದು ನೋಡಿದ ಪರೀಕ್ಷೆಗಳೆಲ್ಲ ಸರಿಯಾಗೇ ಇದ್ದವು,
ಗಾಜಿನ ನಳಿಗೆಯಲ್ಲಿ ಎಳೆ ಮೂಡಿತ್ತು,
ಗಂಟು ಬಿದ್ದಿರಲಿಲ್ಲ.
ಎಳೆ ಕೂಡಿಸುವ ಕೈಯಿಲ್ಲದ ಚರಕದ ಹಾಗೆ, ಎಂದೆ.
ಅವಳಪ್ಪನಿಗೆ ಅಷ್ಟು ಸಾಕಾಯಿತು.
ಭಟ್ಟಿಯ ಬಿಸಿನೀರಲ್ಲಿ ಬೆಂದು ಬಿಳಿಚಿದ
ತನ್ನ ಬೆರಳುಗಳನ್ನೇ ನೋಡಿಕೊಂಡ.

ಚಿಕ್ಕಬಳ್ಳಾಪುರದ ಈ ಲ್ಯಾಬಿನಲ್ಲಿ
ಮೈನಸ್ ಇಪ್ಪತ್ತರ ಪೆಟ್ಟಿಗೆಯೊಳಗೆ
ಕಿರುಬೆರಳ ತುದಿಯಷ್ಟು ಸೀಸೆ.
ಯಾವುದೋ ಊರಿನ ಮೊಲವೊಂದಕ್ಕೆ
ಮನುಷ್ಯರ ರಕ್ತದ ಹದಿಮೂರನೇ ಅಂಶ ಚುಚ್ಚಿ,
ಇದು ನನ್ನದಲ್ಲ ಎಂದು ಅದರ ಮೈ ರೇಗಿ,
ಆ ಸಿಟ್ಟನ್ನೇ ಸೋಸಿ ತುಂಬಿದ್ದು.
ಮೊಲ ಈಗ ಇಲ್ಲ, ಬಹುಶಃ.
ಸಿಟ್ಟಿಗೆ ಇನ್ನೂ ಎಂಟು ತಿಂಗಳ ಅವಧಿ.

ಅದಕ್ಕೆ ಗೊತ್ತಿರುವುದು ಒಂದೇ ಮುಖ.
ಸಾವಿರ ಪ್ರೋಟೀನುಗಳ ಸಂತೆಯಲ್ಲಿ ಬಿಟ್ಟರೂ
ಹುಡುಕಿ ಅದರ ಕೈಯನ್ನೇ ಹಿಡಿಯುತ್ತದೆ.
ಸಿಗಲಿಲ್ಲವೋ, ಯಾರನ್ನೂ ಮುಟ್ಟದೆ
ತೊಳೆದ ನೀರಿನ ಜೊತೆ ಹೊರಟುಹೋಗುತ್ತದೆ.

ತೊಂಬತ್ತಾರು ಗುಳಿಯ ಈ ತಟ್ಟೆ
ಚಂದ್ರಂಕಿಯಂತೆ ಕಾಣುವುದು ನನಗೊಬ್ಬಳಿಗೇ ಇರಬೇಕು;
ಅಜ್ಜಿ ಹುಳ ಸಾಕಿದವಳು,
ಸೊಪ್ಪು ಮೇಯುವಾಗಿನ ಆ ಸಣ್ಣ ಮಳೆಯಂಥ ಸದ್ದು
ಕಿವಿಯಿಂದ ಹೋಗಿಲ್ಲ.

ಕರೆಂಟು ಹೋಗಿ ಬಂತು. ಯುಪಿಎಸ್ ಕಿರುಚಿತು.
ಕೊನೆಯ ಹನಿ ಆಮ್ಲ ಬಿದ್ದದ್ದೇ
ಗುಳಿಗುಳಿಯಲ್ಲೂ ಹಳದಿ ಗೂಡು.
ಅಪ್ಪನದು ಅರೆ ಹಳದಿ, ತಾಯಿಯದೂ ಅರೆ,
ಅಕ್ಕತಂಗಿಯರ ಮಕ್ಕಳು ಇಬ್ಬರೂ.
ಸಿ ಸಾಲಿನ ಐದು, ಆರು
ಬರೀ ನೀರು.

ಇನ್ನೊಮ್ಮೆ ಮಾಡಿದೆ. ನೀರೇ.
ಇಲ್ಲ ಅನ್ನುವುದನ್ನೂ
ಯಾರಾದರೂ ಹುಡುಕಿ ನೋಡಿಯೇ ಹೇಳಬೇಕಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾಳೆ,
ಗುರುತಿಲ್ಲದವರ ಪ್ಲಾಸ್ಮಾ ಏರಿಸಿಕೊಂಡು
ಸಂಜೆ ಬಸ್ಸಿಗೆ ಹೋಗುತ್ತಾಳೆ.
ಮೊನ್ನೆ ಅವಳ ಗುಳಿಯಲ್ಲಿ
ಅರಿಸಿನ ತೊಳೆದ ಕೈಯನ್ನು ಮತ್ತೆ ತೊಳೆದಷ್ಟು ಬಣ್ಣ.
ತೋರಿಸಿದೆ. ಮೊಲದ ಕತೆಯನ್ನೂ ಹೇಳಿದೆ.

"ಆ ಮೊಲದ ಹೆಸರೇನು?"

ಸೀಸೆ ತಿರುಗಿಸಿದೆ. ಲಾಟ್ ನಂಬರು, ತಾರೀಕು.
"ಬರೆದಿಲ್ಲ ಕಣೇ."

ಈ ಸಲ ಬಂದಾಗ ಮುಷ್ಟಿ ಬಿಚ್ಚಿದಳು:
ಬಸ್ಸಿನ ಸೆಕೆಗೆ ಬಾಡಿದ
ಒಂದು ಹಿಪ್ಪುನೇರಳೆ ಎಲೆ.
"ತಿನ್ನುತ್ತಾ ಅದು?"
"ತಿನ್ನುತ್ತೆ."

ಲ್ಯಾಬಿನೊಳಗೆ ಎಲೆಗಿಲೆ ತರುವಂತಿಲ್ಲ.
ಏಪ್ರನ್ ಜೇಬಿಗೆ ಹಾಕಿಕೊಂಡು
ಮುಂದಿನ ಸ್ಯಾಂಪಲ್ಲಿಗೆ ಕರೆದೆ.