ನಷ್ಟದ ಮೊತ್ತ, ಅಕ್ಷರಗಳಲ್ಲಿ

ನಲವತ್ತೇಳು ಒತ್ತೋ ಕಡೆ ಎಪ್ಪತ್ನಾಲ್ಕು ಒತ್ತಿದ್ದಾರೆ.
ಅಷ್ಟೆ. ಆಮೇಲೆ ಬರಬೇಕಿದ್ದ ಬೆರಳು ಮೊದಲು ಬಂತು.
ನಾನು ಕಟ್ಟಿದ ಮೂವತ್ತೆಂಟು ಸಾವಿರದ ನಾನೂರು
ದುರ್ಗಿಗುಡಿ ಶಾಖೆಯಿಂದ ಹಾರಿ
ಸೊರಬದ ಯಾವನದೋ ಖಾತೆಯಲ್ಲಿ
ಹನ್ನೊಂದು ದಿನ ತಣ್ಣಗೆ ಮಲಗಿತ್ತು.

ಆ ಹನ್ನೊಂದರಲ್ಲಿ ಏಳನೇ ದಿನ, ಮೇ ಇಪ್ಪತ್ತೆಂಟು.
ಶಾಲೆ ಬಾಗಿಲು ತೆಗೆಯೋಕೆ ಮೂರೇ ದಿನ,
ಇನ್ನೂರ ಹತ್ತು ಜೊತೆ ಯೂನಿಫಾರಂ ಬಾಕಿ,
ನೀಲಿ ಥಾನು ಮುಗಿದಿತ್ತು, ತರಲು ಹೋಗಿದ್ದೆ.
ಗಾಂಧಿ ಬಜಾರಿನ ಬಿಳಿ ಗಾದಿಯ ಮೇಲಿಂದ
ಪುಖರಾಜ್ ಸೇಠರು ನನ್ನ ಚೆಕ್ಕನ್ನ
ಸತ್ತ ಜಿರಳೆಯ ಮೀಸೆ ಹಿಡಿದ ಹಾಗೆ
ಎರಡು ಬೆರಳಲ್ಲಿ ಎತ್ತಿ,
"ಇಂದುಮತಿಬಾಯಿ, ಇದು ವಾಪಸ್ ಬಂದಿದೆಯಲ್ಲ" ಅಂದರು.
ಕೂಗಲಿಲ್ಲ. ಕೂಗಿದ್ದರೆ ಜಗಳವಾಡಬಹುದಿತ್ತು.

ರವಿಕೆ ಕಣ ಆರಿಸುತ್ತಿದ್ದ ಮೂವರು ಹೆಂಗಸರು
ಆರಿಸುವುದು ನಿಲ್ಲಿಸಿದರು.
ಅವರಲ್ಲೊಬ್ಬಳು ನನ್ನ ಹತ್ತಿರವೇ ಹೊಲಿಸುವವಳು.

ಬ್ಯಾಂಕಿನವರು ತಪ್ಪು ಒಪ್ಪಿಕೊಂಡರು, ಸುಳ್ಳು ಯಾಕೆ ಹೇಳಲಿ.
ದುಡ್ಡು ತಿರುಗಿ ಹಾಕಿದರು, ದಂಡ ತೆಗೆದರು,
ಹನ್ನೊಂದು ದಿನದ ಬಡ್ಡಿ ಮೂವತ್ತೊಂದು ರೂಪಾಯಿ.
"ಎಲ್ಲ ಸರಿಹೋಯ್ತಲ್ಲಮ್ಮ" ಅಂದ ಮ್ಯಾನೇಜರು,
ನನ್ನ ಮಗನ ವಯಸ್ಸಿನವನು.

ತಪ್ಪು ಹೊಲಿಗೆ ಬಿಚ್ಚಬಹುದು ಸಾರ್.
ಮೂವತ್ತು ವರ್ಷದಿಂದ ಬಿಚ್ಚುತ್ತಿದ್ದೇನೆ,
ಬ್ಲೇಡಿನ ತುದಿಯಲ್ಲಿ, ಒಂದೊಂದೇ.
ದಾರ ಬರುತ್ತೆ. ತೂತು ಬರೋದಿಲ್ಲ.
ಹೀಗಂತ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.
ಬಾಯಿಂದ ಬಂದದ್ದು: "ಪರಿಹಾರ ಬೇಕು."

ನಾಲ್ಕು ಪುಟದ ಫಾರಂ ಕೊಟ್ಟ.
ಒಂಬತ್ತನೇ ಕಲಂ: ನಷ್ಟದ ಮೊತ್ತ,
ಅಂಕಿಗಳಲ್ಲಿ, ಅಕ್ಷರಗಳಲ್ಲಿ.

ಎದೆ, ಸೊಂಟ, ತೋಳು, ಕೊರಳು
ಕಣ್ಣಂದಾಜಿನಲ್ಲೇ ಹೇಳುತ್ತೇನೆ. ಇದಕ್ಕೆ ಟೇಪು ಎಲ್ಲಿಂದ ಹಿಡಿಯಲಿ?
ಆರ್ಡರು ವಿನೋಬನಗರದ ರೆಡಿಮೇಡಿನವನಿಗೆ ಹೋಯಿತು;
ಅದು ಬಿಡಿ, ಲೆಕ್ಕಕ್ಕೆ ಸಿಗುತ್ತೆ.
ಅವತ್ತಿನಿಂದ ಸೇಠರ ಅಂಗಡಿ ಹುಡುಗ
ಥಾನಿಗೆ ಕೈ ಹಾಕುವ ಮೊದಲು
"ಕ್ಯಾಶ್ ತಾನೆ ಆಂಟಿ?" ಅನ್ನುತ್ತಾನಲ್ಲ,
ಆ ಪ್ರಶ್ನೆಗೆ ಎಷ್ಟು? ಒಂದು ಸಲಕ್ಕೆ ಎಷ್ಟು?

ಅಂಕಿಯ ಮನೆ ಖಾಲಿ ಬಿಟ್ಟೆ.
ಅಕ್ಷರದ ಮನೆಯಲ್ಲಿ ಜಾಗ ಸಾಲದೆ ಅಂಚಿಗೆಲ್ಲ ಹತ್ತಿಸಿ ಬರೆದೆ:
ಬ್ಯಾಂಕಿನ ಪರವಾಗಿ ಯಾರಾದರೊಬ್ಬರು ನನ್ನ ಸಂಗಡ
ಗಾಂಧಿ ಬಜಾರಿಗೆ ಬಂದು, ಗಾದಿಯ ಎದುರು ನಿಂತು,
ಈಕೆಯ ಹತ್ತಿರ ದುಡ್ಡಿತ್ತು ಎಂದು
ಗಿರಾಕಿಗಳಿಗೆ ಕೇಳುವಂತೆ ಹೇಳತಕ್ಕದ್ದು.

ಪರಿಶೀಲನೆಯಲ್ಲಿದೆ, ಅಂತ ಬಂತು.
ನಿಯಮದಲ್ಲಿ ಅವಕಾಶವಿಲ್ಲ, ಅಂತ ಬಂತು.
ಲೋಕಪಾಲರಿಗೆ ಬರೆದೆ, ಐದು ಸಾವಿರ ಕೊಡಿಸಿದರು.
ತೆಗೆದುಕೊಂಡೆ. ಓವರ್‌ಲಾಕ್ ಮಿಷನ್ನಿಗೆ ಮೋಟಾರ್ ಹಾಕಿಸಿದೆ.
ಮ್ಯಾನೇಜರಿಗೆ ಹಾವೇರಿಗೆ ವರ್ಗವಾಯಿತು.

ಫೆಬ್ರವರಿಯ ಎರಡನೇ ಶನಿವಾರ, ಬ್ಯಾಂಕಿಗೆ ರಜೆ,
ಅಟೆಂಡರ್ ಹಾಲೇಶಪ್ಪ ಮನೆ ಬಾಗಿಲಿಗೆ ಬಂದ.
"ನಿಮ್ಮ ಫಾರಂ ಜೆರಾಕ್ಸ್ ಮಾಡಿದ್ದು ನಾನು.
ನಡೀರಿ ಅಕ್ಕ, ಹೋಗಿ ಬರೋಣ."

ಅಮೀರ್ ಅಹಮದ್ ಸರ್ಕಲ್ ದಾಟುವಾಗ
ಎರಡು ಸಲ ಗಂಟಲು ಸರಿ ಮಾಡಿಕೊಂಡ.
ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಗಾದಿಯೆದುರು ನಿಂತು,
ಫಾರಂನಲ್ಲಿದ್ದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದ.

ಸೇಠರು ಕನ್ನಡಕ ಹಣೆಗೇರಿಸಿದರು.
ಅವನನ್ನು ನೋಡಿದರು, ನನ್ನನ್ನು ನೋಡಿದರು.
"ಯಾವ ಚೆಕ್ಕು?"

ನಿಜವಾಗಿ ನೆನಪಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತೆ.
ಒಂಬತ್ತು ತಿಂಗಳು ನಾನೊಬ್ಬಳೇ ಹೊತ್ತು ತಿರುಗಿದ್ದೆ.
ಅವತ್ತಿದ್ದ ಹೆಂಗಸರು ಇವತ್ತಿರಲಿಲ್ಲ,
ಇವತ್ತಿದ್ದವರು ಸೀರೆಯಿಂದ ತಲೆ ಎತ್ತಲಿಲ್ಲ.
ಸೇಠರು ಚಾ ತರಿಸಿದರು.
ಬಂದದ್ದೇ ಬಂದೆ ಅಂತ ಎರಡು ಮೀಟರ್ ಪಾಪ್ಲಿನ್ ಕೇಳಿದೆ.
ಹುಡುಗ ಏಣಿ ಹತ್ತುತ್ತಾ, ತಿರುಗದೆ,
"ಕ್ಯಾಶ್ ತಾನೆ ಆಂಟಿ?"

ವಾಪಸ್ ಬರುವಾಗ ಹಾಲೇಶಪ್ಪ ಮೆಲ್ಲಗೆ ಕೇಳಿದ,
"ಸರಿಯಾಯ್ತಾ ಅಕ್ಕ?"
ಅವನ ಶರ್ಟಿನ ಕಾಲರು ಮಡಿಕೆಯಲ್ಲಿ ಹರಿದಿತ್ತು.
ಮಂಗಳವಾರ ತಂದುಕೊಡು, ಅಂದೆ.
ಬಿಚ್ಚಿ ತಿರುಗಿಸಿ ಹಾಕುತ್ತೇನೆ,
ಸವೆದದ್ದು ಒಳಕ್ಕೆ ಹೋಗುತ್ತೆ,
ಇನ್ನೆರಡು ವರ್ಷ ಬರುತ್ತೆ.