ಬುಡ

ಶನಿವಾರ ಸಂಜೆ, ಗ್ಲಾರುಸ್‌ನ ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆ.
ಬುಟ್ಟಿ ಹಿಡಿದವರ ಸಾಲು. ಒದ್ದೆ ಎಲೆಯ ವಾಸನೆ.
ಅಣಬೆ ಪರೀಕ್ಷಿಸುವ ವ್ರೇನಿ ಎಲ್ಮರ್
ಕನ್ನಡಕ ಹಣೆಗೇರಿಸಿ ಒಂದೊಂದನ್ನೂ ಮೂಸುತ್ತಾಳೆ.
ಅವಸರವಿಲ್ಲ.

ನನ್ನ ಮುಂದಿದ್ದ ಬೇಯಾಟ್ ಫೋನು ಚಾಚಿದ:
"ನೂರಕ್ಕೆ ತೊಂಬತ್ತೆಂಟು ಖಚಿತ ಅಂತಿದೆ ನೋಡಿ,
ಮೂರು ಲಕ್ಷ ಜನ ಮೆಚ್ಚಿದ್ದಾರೆ,
ಒಬ್ಬನಂತೂ ಬೆಣ್ಣೆಯಲ್ಲಿ ಹುರಿದು ತಿಂದೇ ತೋರಿಸಿದ."

ಅವಳು ಚಿತ್ರ ನೋಡಲಿಲ್ಲ.
ಕೊಡೆಯಡಿಯ ಬಿಳಿ ಪದರಗಳ ಮೇಲೆ ಉಗುರೆಳೆದು
"ಇದರ ಬುಡ ಎಲ್ಲಿ?" ಎಂದಳು.
"ಕೊಯ್ಯುವಾಗ ಮಣ್ಣಲ್ಲೇ ಉಳಿಯಿತು."
"ಹೆಸರೂ ಅಲ್ಲೇ ಉಳಿಯಿತು."

ಆಮೇಲೆ, ನಲವತ್ತು ವರ್ಷ ಕಾಡು ತಿರುಗಿದ ಹೆಂಗಸು
ಫೋನಿಗೆ ಆಡಲು ಬಾರದ ಮಾತೊಂದನ್ನು ಆಡಿದಳು:
"ನನಗೆ ಗೊತ್ತಾಗುತ್ತಿಲ್ಲ."
ಬುಟ್ಟಿಯನ್ನು ಪೂರ್ತಿ ಕಸದ ಡಬ್ಬಿಗೆ ಸುರಿದಳು.

ಬೇಯಾಟ್ ಗೊಣಗುತ್ತ ಹೋದ.
ನನ್ನ ಸರದಿ.
ಕೈಯಲ್ಲಿದ್ದದ್ದನ್ನು ಜೇಬಿಗಿಳಿಸಿ,
ತಲೆ ಬುಡ ಎರಡೂ ಇರುವ, ಮಣ್ಣು ಮೆತ್ತಿದ
ಮೂರೇ ಮೂರು ಅಣಬೆ ಮೇಜಿನ ಮೇಲಿಟ್ಟೆ.

ಮತ್ತೆ ಕನ್ನಡಕ ಹಣೆಗೇರಿತು.
ಹೊರಗೆ ಕತ್ತಲಾಗುತ್ತಿತ್ತು, ಕೊನೆಯ ಬಸ್ಸು ಹೊರಡುವ ಹೊತ್ತು.
ಹೊರಡಲಿ.