ನಾಣ್ಯದ ಸದ್ದು

ಹಾಸನದ ಪಾಲಿಟೆಕ್ನಿಕ್ಕಿನ ಹಿಂದಿನ ಶೆಡ್ಡಿನಲ್ಲಿ
ಗುಜರಿಯಿಂದ ತಂದ ರೆಕ್ಕೆಯ ತುಂಡು.
ದಸ್ತಗೀರ್ ಮೇಷ್ಟ್ರು ಹಳೇ ಎಂಟಾಣೆಯಲ್ಲಿ
ತೆಂಗಿನಕಾಯಿ ನೋಡುವ ಹಾಗೆ ತಟ್ಟುತ್ತಾರೆ:
ಟಣ್, ಟಣ್, ಟಣ್,
ದಬ್.

"ಕಬ್ಬಿಣವಾದರೆ ಕೆಂಪಗೆ ದೂರು ಹೇಳುತ್ತೆ.
ಇದು ಬಾಯಿ ಬಿಡಲ್ಲ."
ಬಣ್ಣ ಕೆರೆದರೆ ಚಿಟಿಕೆ ಅಕ್ಕಿಹಿಟ್ಟು,
ಊದಿದರೆ ಸಾಸಿವೆಗಿಂತ ಸಣ್ಣ ಗುಳಿ,
ಗುಳಿಯಿಂದ ಹೊರಟ
ಒಂದು ಕೂದಲು.

ಏರಿದಾಗ ಹಿಗ್ಗಿ, ಇಳಿದಾಗ ಕುಗ್ಗಿ
ಸುಮ್ಮನಿದ್ದಂತೆ ಕಂಡ ಲೋಹ
ಒಳಗೊಳಗೇ ಎಣಿಸುತ್ತಿತ್ತಂತೆ.
"ಭಾರಕ್ಕೆ ಮುರಿಯೋದಲ್ಲಮ್ಮ,
ಅಭ್ಯಾಸಕ್ಕೆ."

ಭೂತಗನ್ನಡಿ ನನ್ನ ಕೈಗೆ ಬಂತು.
"ಸಾರ್, ನೀವು ಯಾವತ್ತಾದರೂ
ಇದು ಕಾಣದೆ ಸಹಿ ಹಾಕಿದ್ರಾ?"

ಅವರು ನಾಣ್ಯ ಜೇಬಿಗಿಟ್ಟರು.
ಮತ್ತೆ ತೆಗೆದರು.
ಮೊದಲ ರಿವೆಟ್ಟಿನಿಂದ
ತಟ್ಟತೊಡಗಿದರು.